ಮೇಜಿನ ಕೆಳಗೆ ಏನೂ ಇಲ್ಲ

"ಮೂವತ್ಮೂರು ಇಂಚು ಎತ್ತರ ಅಂತೀರಿ. ಊಟಕ್ಕೆ ಕೂತ್ರೆ ಎದೆಮಟ್ಟ ಬರುತ್ತೆ, ಇಸ್ತ್ರಿ ಮಾಡೋಣ ಅಂದ್ರೆ ಉದ್ದ ಸಾಲಲ್ಲ. ಏನಕ್ಕೆ ಸಾರ್ ಇದು?" ಕಿವಿಗೆ ಸಿಕ್ಕಿಸಿದ್ದ ಪೆನ್ಸಿಲ್ ತೆಗೆಯುತ್ತ ನಮ್ಮ ಬೀದಿಯ ಆಚಾರ್ರು ಕೇಳಿದರು. ಜಾದೂ ಮಾಡೋಕೆ ಅಂದೆ. ಅವರ ಕಣ್ಣು ಅರಳಿತು. "ಹಂಗಾದ್ರೆ ಕಳ್ಳಖಾನೆ ಎಲ್ಲಿಡ್ಲಿ?" ಖಾನೆ ಬೇಡ ಅಂದೆ. "ಒಂದೂ ಬೇಡ್ವಾ?" ಒಂದೂ ಬೇಡ. ಅವರ ಮುಖ ಸಪ್ಪಗಾಯಿತು. ಇಷ್ಟು ವರ್ಷಕ್ಕೆ ಒಂದು ಸ್ವಾರಸ್ಯದ ಕೆಲಸ ಬಂತು ಅಂದುಕೊಂಡಿದ್ದರೇನೋ.

ಇದು ನನ್ನ ಮೂರನೆಯ ಮೇಜು. ಬ್ಯಾಂಕಿನಲ್ಲಿ ಕ್ಯಾಷಿಯರ್ ಆಗಿದ್ದವನು ನಾನು. ಬೆರಳಿಗೆ ನೋಟಿನ ಅಭ್ಯಾಸ ಇದ್ದದ್ದರಿಂದ ಇಸ್ಪೀಟು ಬೇಗ ಒಲಿಯಿತು. ನಾನು ಮಾಡುವುದು ಹೆಂಗಸನ್ನು ಗರಗಸದಲ್ಲಿ ಕೊಯ್ಯುವ ವೇದಿಕೆಯ ಜಾದೂ ಅಲ್ಲ. ಹತ್ತು ಹದಿನೈದು ಜನರ ಎದುರು, ಕೈಗೆಟಕುವ ದೂರದಲ್ಲಿ, ನಾಣ್ಯ, ಎಲೆ, ಲೋಟ, ಗೋಲಿಗಳಲ್ಲಿ ಮಾಡುವಂಥದ್ದು. ಕ್ಲೋಸಪ್ ಮ್ಯಾಜಿಕ್ ಎನ್ನುತ್ತಾರೆ. ನಮ್ಮ ಗಾರುಡಿಗರು ಇದನ್ನು ನೆಲದ ಮೇಲೆಯೇ ಮಾಡಿ ತೋರಿಸಿದರು. ಅವರ ಬಟ್ಟಲುಗಳ ನೆತ್ತಿಯಲ್ಲಿ ಒಂದು ಪುಟ್ಟ ಗುಬ್ಬಿ ಇರುತ್ತದೆ, ಬೆರಳ ಸಂದಿಯಲ್ಲಿ ಹಿಡಿದು ಎತ್ತಲು. ಸುತ್ತ ಜನ ನಿಂತು ಬಗ್ಗಿ ನೋಡುತ್ತಿದ್ದರೂ ಅವರ ಗುಟ್ಟು ಬಯಲಾಗುತ್ತಿರಲಿಲ್ಲ. ನನ್ನ ಮಂಡಿಗೆ ಅಷ್ಟು ಶಕ್ತಿಯಿಲ್ಲ, ಬೆರಳಿಗಂತೂ ಇಲ್ಲವೇ ಇಲ್ಲ. ಹಾಗಾಗಿ ಮೇಜು.

ಮೊದಲನೆಯದನ್ನು ಅಮ್ಮನ ಹಳೆಯ ಹೊಲಿಗೆ ಯಂತ್ರದ ಕಬ್ಬಿಣದ ಕಾಲಿನ ಮೇಲೆ ಹಲಗೆ ಕೂರಿಸಿ ಮಾಡಿದ್ದೆ. ಬಂಡೆಯ ಹಾಗೆ ಅಲ್ಲಾಡದು. ಆದರೆ ಕೋಣೆಯ ಆಚೆಗೂ ಬಾರದು. ಎರಡನೆಯದು ಮೂರು ಕಾಲಿನ ದುಂಡು ಮೇಜು. ಅದರ ಹಿಂದೆ ಚೀಲ, ಅಂಚಿಗೆ ಡಬ್ಬಿ, ಕರಿ ಮಖಮಲ್ಲಿನ ನಡುವೆ ಕಣ್ಣಿಗೆ ಕಾಣದ ಒಂದು ಗುಂಡಿ. ಇಷ್ಟೆಲ್ಲ ಸೇರಿಸಿ ಬೀಗುತ್ತಿದ್ದೆ. ನೆಂಟರ ಮನೆಯ ನಾಮಕರಣದಲ್ಲಿ ಅದರ ಗತಿ ನೆಟ್ಟಗಾಯಿತು.

ಅಂದು ನಾಣ್ಯ ಮಾಯವಾದ ಕೂಡಲೇ ಏಳು ವರ್ಷದ ಹುಡುಗಿಯೊಬ್ಬಳು, "ಅಂಕಲ್, ಟೇಬಲ್ ಕೆಳಗೆ ಏನಿದೆ?" ಅಂದಳು. ಇಡೀ ಮನೆ ಬಗ್ಗಿತು. ಆ ಸಲ ನಾಣ್ಯ ನಿಜವಾಗಿಯೂ ನನ್ನ ಅಂಗೈಯಲ್ಲೇ ಇತ್ತು. ಎರಡು ತಿಂಗಳು ಕಲಿತ ಕೈಚಳಕ ಅದು. ಆದರೆ ಅನುಮಾನ ಮೇಜಿನ ಮೇಲೆ ಹೋದ ಮೇಲೆ ಕೈಯ ಕಸುಬಿಗೆ ಬೆಲೆ ಎಲ್ಲಿದೆ? ಅಷ್ಟರಲ್ಲಿ ಅವಳಜ್ಜ ಇನ್ನೂ ಹತ್ತಿರದಿಂದ ನೋಡೋಣವೆಂದು ಅಂಚಿಗೆ ಮೊಣಕೈ ಊರಿದರು. ಎರಡು ಕಾಲುಗಳ ನಡುವೆ ಭಾರ ಬಿತ್ತು. ಮೇಜು, ಲೋಟ, ಐವತ್ತೆರಡು ಎಲೆ ಎಲ್ಲವೂ ತೊಟ್ಟಿಲ ಪಕ್ಕದಲ್ಲಿ ಅಂಗಾತ.

ಮೂರು ಕಾಲಿನದ್ದು ಎಂಥ ನೆಲದಲ್ಲೂ ಕುಂಟುವುದಿಲ್ಲ, ನಿಜ. ಆದರೆ ಭಾರ ಆ ಮೂರು ಪಾದಗಳ ತ್ರಿಕೋನದಿಂದ ಆಚೆ ಬಿದ್ದರೆ ಮಗುಚುತ್ತದೆ. ಹತ್ತಿರದ ಜಾದೂವಿನಲ್ಲಿ ಜನ ಒರಗದೆ ಇರುವುದಿಲ್ಲ; ಒರಗಲಿಲ್ಲವೆಂದರೆ ಆಟ ರುಚಿಸಿಲ್ಲವೆಂದೇ ಅರ್ಥ. ಆದ್ದರಿಂದ ಈ ಸಲ ನಾಲ್ಕು ಮೂಲೆಗೆ ನಾಲ್ಕು ಕಾಲು, ತಿರುಗಿಸಿ ಬಿಚ್ಚುವಂಥವು. ಕಾಲುಗಳ ತುದಿಗೆ ತಿರುಪಿನಿಂದ ಎತ್ತರಿಸಿ ಇಳಿಸುವ ಬುಷ್. ಕಲ್ಯಾಣ ಮಂಟಪದ ನೆಲ ಸಮ ಅಂತ ಯಾರು ಹೇಳಿದರು?

ಎತ್ತರದ ಲೆಕ್ಕಕ್ಕೆ ಒಂದು ಭಾನುವಾರ ಹಿಡಿಯಿತು. ಕುರ್ಚಿಯಲ್ಲಿ ಕೂತ ನನ್ನ ಹೆಂಡತಿಯ ಕಣ್ಣು ನೆಲದಿಂದ 47 ಇಂಚು. ನನಗೆ ನಿಂತು ಆಡಲು 36 ಇಂಚಿನ ಮೇಜು ಹಿತ. ಆದರೆ ಐದು ಅಡಿ ದೂರದಲ್ಲಿ ಕೂತವರಿಗೆ ಅದರ ಮೇಲೆ ಮಲಗಿಸಿದ ಮೂರೂವರೆ ಇಂಚಿನ ಎಲೆ ಮುಕ್ಕಾಲು ಇಂಚೂ ಕಾಣುವುದಿಲ್ಲ, ಬರೀ ಒಂದು ಗೆರೆ. ಊಟದ ಮೇಜಿನಂತೆ 30 ಇಂಚಿಗೆ ಇಳಿಸಿದರೆ ಹತ್ತಿರ ಹತ್ತಿರ ಒಂದು ಇಂಚು ಕಾಣುತ್ತದೆ. ಆದರೆ ನನ್ನ ಬೆನ್ನು ಬಿಲ್ಲಾಗುತ್ತದೆ. ಅವಳು ಕುರ್ಚಿ ಹಿಂದೆ ಮುಂದೆ ಎಳೆದು ಎಳೆದು ಸಾಕಾಗಿ, "ಮೂವತ್ಮೂರು ಬರ್ಕೊಳ್ಳಿ, ನಂಗೆ ಸಾರಿಗೆ ಒಗ್ಗರಣೆ ಹಾಕ್ಬೇಕು" ಅಂತ ಎದ್ದಳು. ಅದೇ ಗಟ್ಟಿಯಾಯಿತು.

ಉದ್ದ ಇಷ್ಟೇ ಅಂತ ಇಸ್ಪೀಟೇ ಹೇಳುತ್ತದೆ. ಕಟ್ಟನ್ನು ಸಾಲಾಗಿ ಹರಡುವಾಗ ಎಲೆ ಎಲೆಗೂ ಒಂದು ಸೆಂಟಿಮೀಟರ್ ಜಾಗ ಬಿಟ್ಟರೆ 51, ಕೊನೆಯ ಎಲೆಯ ಅಗಲ 6.3, ಒಟ್ಟು 57ಕ್ಕೆ ಸ್ವಲ್ಪ ಮೇಲೆ. ಹಾಗಾಗಿ 24 ಇಂಚು ಉದ್ದ, 16 ಅಗಲ. ಹನ್ನೆರಡು ಮಿಲಿಮೀಟರ್ ಪ್ಲೈವುಡ್ಡಿನಲ್ಲಿ ಹಲಗೆ ಸುಮಾರು ಎರಡು ಕಿಲೋ ತೂಗುತ್ತದೆ. ಆಚಾರ್ರು ಹತ್ತೊಂಬತ್ತೇ ಹಾಕಿ ಅಂತ ಹಟ ಹಿಡಿದರು. ಸಿಟಿ ಬಸ್ಸಿನಲ್ಲಿ ಹೊರುವವನು ನಾನು.

ಇನ್ನು ಹಾಸು. ಬರಿಯ ಹಲಗೆಯ ಮೇಲೆ ಬಿದ್ದ ಎಲೆಯನ್ನು ಎತ್ತಿ ನೋಡಿ, ಉಗುರಿನಲ್ಲಿ ಕೆರೆಯಬೇಕಾಗುತ್ತದೆ. ಕೆಳಗೆ ಸ್ವಲ್ಪ ಮೆತ್ತಗಿದ್ದರೆ ಬೆರಳ ತುದಿ ತಗ್ಗಿ ಎಲೆಯಡಿ ಜಾರುತ್ತದೆ, ನಾಣ್ಯವೂ ಠಣ್ ಎನ್ನುವುದಿಲ್ಲ. ಹಾಗಂತ ನಾನು ಮೊದಲು ಮಾಡಿದಂತೆ ಅರ್ಧ ಇಂಚಿನ ಸೋಫಾ ಫೋಮ್ ಹಾಕಬೇಡಿ, ಬೋರಲು ಹಾಕಿದ ಲೋಟ ಕುಡುಕನ ಹಾಗೆ ವಾಲುತ್ತದೆ. ಹಳೆಯ ಯೋಗದ ಚಾಪೆಯ ತುಂಡು ಸಾಕು, ಗಟ್ಟಿ ಮೆತ್ತನೆ. ಅದರ ಮೇಲೆ ಗಿಡ್ಡ ಎಳೆಯ ಮಖಮಲ್. ಕೈಯಾಡಿಸಿದರೆ ಎಳೆ ಯಾವ ಕಡೆ ಮಲಗುತ್ತದೆಂದು ತಿಳಿಯುತ್ತದೆ. ನೀವು ಎಲೆ ಹರಡುವ ದಿಕ್ಕಿಗೇ ಅದು ಮಲಗಿರಬೇಕು. ಎದುರಾದರೆ ಎಲೆ ತಡೆಯುತ್ತದೆ. ಬಟ್ಟೆಗೆ ಮೇಲಿಂದ ಗೋಂದು ಸವರಬೇಡಿ, ಕಲೆ ಒಸರುತ್ತದೆ. ಬಿಗಿಯಾಗಿ ಎಳೆದು ಹಲಗೆಯ ಅಡಿಯಲ್ಲಿ ಪಿನ್ನು ಹೊಡೆಯಿರಿ. ಕುಶನ್ ಅಂಗಡಿಯವರು ಹತ್ತು ನಿಮಿಷದಲ್ಲಿ ಮಾಡಿಕೊಡುತ್ತಾರೆ.

ಬಣ್ಣಕ್ಕೆ ಹಸಿರು ಆರಿಸಿದ್ದೆ. ನಮ್ಮತ್ತೆ ನೋಡಿ, "ಇಸ್ಪೀಟ್ ಕ್ಲಬ್ ತೆಗೀತೀರಾ ಅಳಿಯಂದ್ರೇ?" ಅಂದರು. ಮೆರೂನ್ ಆಯಿತು, ನೀಲಿ ಬೆನ್ನಿನ ಎಲೆಗೆ ಅದೇ ಚೆನ್ನ. ಗೋಲಿ ಉರುಳದಂತೆ ಅಂಚಿಗೆ ಸಣ್ಣ ಮರದ ಪಟ್ಟಿ, ಮೂರು ಕಡೆ ಮಾತ್ರ. ನನ್ನ ಕಡೆ ಯಾಕಿಲ್ಲ ಅಂತ ಕೇಳಬೇಡಿ.

ಕಳ್ಳಖಾನೆಯ ವಿಚಾರಕ್ಕೆ ಬಂದರೆ, ಫ್ರಾನ್ಸಿನ ಜಾದೂಗಾರ ರಾಬರ್ಟ್ ಹೂಡಿನ್ ಮೂಲತಃ ಗಡಿಯಾರ ಮಾಡುವವನು. ಯಂತ್ರ ಅಡಗಿಸುವುದರಲ್ಲಿ ಅವನನ್ನು ಮೀರಿಸಿದವರು ಕಡಿಮೆ. ಅವನಿಗಿಂತ ಹಿಂದಿನವರು ನೆಲದವರೆಗೆ ಬಟ್ಟೆ ಇಳಿಬಿಟ್ಟ ದೊಡ್ಡ ಮೇಜುಗಳ ಹಿಂದೆ ನಿಲ್ಲುತ್ತಿದ್ದರು, ಬಟ್ಟೆಯೊಳಗೆ ಸಹಾಯಕ ಅಡಗಿರುತ್ತಿದ್ದ. 1845ರಲ್ಲಿ ಪ್ಯಾರಿಸ್ಸಿನಲ್ಲಿ ತನ್ನದೇ ರಂಗಮಂದಿರ ತೆರೆದಾಗ ಹೂಡಿನ್ ಆ ಇಳಿಬಟ್ಟೆಗಳನ್ನು ಕಿತ್ತೊಗೆದು ತೆಳು ಕಾಲಿನ ಮೇಜುಗಳನ್ನಿಟ್ಟ. ಗುಟ್ಟೇನೂ ಬಿಟ್ಟುಕೊಡಲಿಲ್ಲ, ಅನುಮಾನ ಮಾತ್ರ ಕಳೆದ. ಚಿತ್ರಕಾರ ಬಾಷ್‌ನದೆಂದು ಹೇಳುವ ಐದು ಶತಮಾನದ ಹಿಂದಿನ ಚಿತ್ರವೊಂದರಲ್ಲಿ ಲೋಟ ಗೋಲಿಯ ಆಟದವನ ಮುಂದೆ ಇರುವುದೂ ಸಾದಾ ಮೇಜೇ. ಬಗ್ಗಿ ನೋಡುವವನ ಹಣದ ಚೀಲವನ್ನು ಹಿಂದಿನವನು ಎಗರಿಸುತ್ತಿದ್ದಾನೆ. ಮೋಸ ಮೇಜಿನಾಚೆ ನಡೆಯುತ್ತಿದೆ.

ಈಗ ಆಟಕ್ಕೆ ಮೊದಲು ಮಕ್ಕಳ ಕೈಯಲ್ಲೇ ಕಾಲು ಹಾಕಿಸುತ್ತೇನೆ. ಅವರು ಹಲಗೆಯನ್ನು ತಿರುವಿಹಾಕಿ ನೋಡುತ್ತಾರೆ, ಬಡಿಯುತ್ತಾರೆ, ಮೂಸುತ್ತಾರೆ. ಆಮೇಲೆ ಯಾರೂ ಕೆಳಗೆ ಬಗ್ಗುವುದಿಲ್ಲ.

ನೀವೂ ಮಾಡಿಸುವುದಾದರೆ ಪ್ಲೈವುಡ್ಡಿಗೆ ಗರಗಸ ಇಡುವ ಮೊದಲು ಒಂದು ಕೆಲಸ ಮಾಡಿ. ಟ್ರಂಕು, ಪುಸ್ತಕ ಪೇರಿಸಿ ನಿಮ್ಮ ಅಳತೆಯ ಎತ್ತರ ತಂದು ಮೇಲೆ ಒಂದು ನಾಣ್ಯ ಇಡಿ. ಆಮೇಲೆ ಎದುರಿನ ಕುರ್ಚಿಯಲ್ಲಿ ಹೋಗಿ ಕೂತು ನೀವೇ ನೋಡಿ.