ನಾಲ್ಕನೆಯ ಗೋಡೆ ಏಕೆ ತೆಳ್ಳಗಿತ್ತು?

ಅಮೆರಿಕದ ಡೆಲವೇರ್ ರಾಜ್ಯದಲ್ಲಿ ಬ್ರಾಂಡಿವೈನ್ ಎಂಬ ಹೊಳೆಯಿದೆ. ಅದರ ದಡದಲ್ಲಿ ಸಾಲಾಗಿ ನಿಂತಿರುವ ಹಳೆಯ ಕಲ್ಲಿನ ಕಟ್ಟಡಗಳನ್ನು ಕಂಡವರಿಗೆ, ಕಟ್ಟಿದವರು ಕೆಲಸವನ್ನು ಅರ್ಧಕ್ಕೇ ಬಿಟ್ಟು ಹೋದರೇನೋ ಎನಿಸುತ್ತದೆ. ಮೂರು ಕಡೆ ಕೋಟೆಯಂಥ ದಪ್ಪ ಗೋಡೆ. ಹೊಳೆಯ ಕಡೆ ಮಾತ್ರ ಬಯಲು. ಒಂದು ಕಾಲದಲ್ಲಿ ಆ ಬದಿಗೂ ಗೋಡೆಯಿತ್ತು, ಆದರೆ ಅದು ಬರೀ ಹಲಗೆಯದು. ಮೇಲಿನ ಮಾಡೂ ಹಗುರವಾದದ್ದೇ.

ಇದು ಜಿಪುಣತನವಲ್ಲ. ಅಲ್ಲಿ ತಯಾರಾಗುತ್ತಿದ್ದುದು ಕೋವಿಮದ್ದು. ಪೆಟ್ಲುಪ್ಪು, ಗಂಧಕ ಮತ್ತು ಇದ್ದಿಲು ಈ ಮೂರರ ಮಿಶ್ರಣಕ್ಕೆ ಹೊತ್ತಿಕೊಳ್ಳಲು ಹೊರಗಿನ ಗಾಳಿ ಬೇಕಿಲ್ಲ. ಬೇಕಾದ ಆಮ್ಲಜನಕವನ್ನು ಪೆಟ್ಲುಪ್ಪೇ ಒದಗಿಸುತ್ತದೆ. ಬಯಲಿನಲ್ಲಿ ಚಿಟಿಕೆ ಮದ್ದು ಬುಸ್ಸೆಂದು ಉರಿದುಹೋದರೆ, ಮುಚ್ಚಿದ ಜಾಗದಲ್ಲಿ ಅದೇ ಮದ್ದಿನಿಂದ ಹುಟ್ಟಿದ ಬಿಸಿ ಅನಿಲ ಹಿಗ್ಗಲು ಎಡೆಯಿಲ್ಲದೆ ಗೋಡೆಯನ್ನೇ ಒಡೆಯುತ್ತದೆ. ಒತ್ತಡ ಹೊರಹೋಗುವುದು ಅತಿ ದುರ್ಬಲವಾದ ಕಡೆಯಿಂದ. ಆ ದುರ್ಬಲ ಕಡೆ ಯಾವುದಿರಬೇಕೆಂದು ಮೊದಲೇ ತೀರ್ಮಾನಿಸಿ ಕಟ್ಟಿದ ಕಟ್ಟಡಗಳಿವು. ಸ್ಫೋಟವಾದರೆ ಹಲಗೆ, ಮಾಡು ಹೊಳೆಯತ್ತ ಹಾರಲಿ, ಪಕ್ಕದ ಕಟ್ಟಡದಲ್ಲಿರುವವರು ಉಳಿಯಲಿ ಎಂಬ ಲೆಕ್ಕಾಚಾರ. ಒಳಗಿದ್ದವರ ಗತಿ ಏನೆಂಬುದು ಎಲ್ಲರಿಗೂ ತಿಳಿದೇ ಇತ್ತು.

1802ರಲ್ಲಿ ಈ ಕಾರ್ಖಾನೆಯನ್ನು ಆರಂಭಿಸಿದವನು ಇ. ಐ. ಡ್ಯೂಪಾಂಟ್. ಫ್ರಾನ್ಸಿನಿಂದ ವಲಸೆ ಬಂದ ಈತನಿಗೆ ಮದ್ದು ತಯಾರಿಕೆಯ ವಿದ್ಯೆ ದೊರೆತದ್ದು ಆಧುನಿಕ ರಸಾಯನ ವಿಜ್ಞಾನದ ಪಿತಾಮಹನೆನಿಸಿದ ಲವಾಸಿಯೆಯ ಗರಡಿಯಲ್ಲಿ. 1788ರಲ್ಲಿ ಹೊಸ ಬಗೆಯ ಮದ್ದಿನ ಪ್ರಯೋಗ ನಡೆದಾಗ ಆಸ್ಫೋಟವಾಗಿ ಇಬ್ಬರು ಸತ್ತು, ಲವಾಸಿಯೆ ದಂಪತಿ ಕೂದಲೆಳೆಯಲ್ಲಿ ಪಾರಾಗಿದ್ದರು. ಇನ್ನೊಂದು ಸಂಗತಿ ನಮ್ಮವರಿಗೆ ಕುತೂಹಲ ಹುಟ್ಟಿಸೀತು: ಬ್ರಾಂಡಿವೈನ್ ದಡದ ಮದ್ದಿಗೆ ಪೆಟ್ಲುಪ್ಪು ಹೋಗುತ್ತಿದ್ದುದು ಭಾರತದಿಂದ.

1811ರಲ್ಲಿ ಕಾರ್ಖಾನೆಗೆ ಲಿಖಿತ ನಿಯಮಗಳು ಬಂದವು. ಆವರಣದೊಳಗೆ ಆಟ-ಚೆಲ್ಲಾಟ ಕೂಡದು, ಮದ್ಯ ತರಕೂಡದು, ಧೂಮಪಾನವಂತೂ ಸಲ್ಲದು. ಬೂಟಿನ ಅಟ್ಟೆಗೆ ಕಬ್ಬಿಣದ ಮೊಳೆಯ ಬದಲು ಮರದ ಮೊಳೆ. ಕಲ್ಲಿಗೆ ಕಬ್ಬಿಣ ತಗುಲಿ ಹಾರುವ ಒಂದು ಕಿಡಿ ಸಾಕಲ್ಲ! ಆದರೆ ಇವೆಲ್ಲಕ್ಕಿಂತ ಗಮನಾರ್ಹವಾದದ್ದು ಬೇರೆಯೇ ಇದೆ. ಮಾಲೀಕನ ಮನೆ ಇದ್ದದ್ದು ಮದ್ದಿನ ಅಂಗಳದ ನೆತ್ತಿಯಲ್ಲೇ, ಹೆಂಡತಿ ಮಕ್ಕಳೊಂದಿಗೆ. ಹೊಸ ಯಂತ್ರಶಾಲೆ ಸಿದ್ಧವಾದರೆ ಮಾಲೀಕರ ಕಡೆಯವರು ಮೊದಲು ತಾವೇ ಅದನ್ನು ನಡೆಸಿ ನೋಡಬೇಕು, ಅನಂತರವೇ ಕೆಲಸಗಾರರು ಒಳಹೋಗಬೇಕು ಎಂಬ ಕಟ್ಟುಪಾಡೂ ಇತ್ತು. ಬೋರ್ಡಿನ ಮೇಲೆ ಬರೆದ ನೂರು ನಿಯಮಗಳಿಗಿಂತ ಇದು ಹೆಚ್ಚು ಪರಿಣಾಮಕಾರಿಯಾಗಿದ್ದರೆ ಆಶ್ಚರ್ಯವಿಲ್ಲ.

ಹಾಗೆಂದು ಸಾವು ನಿಲ್ಲಲಿಲ್ಲ. 1818ರ ಒಂದೇ ದುರಂತದಲ್ಲಿ ಮೂವತ್ತಕ್ಕೂ ಹೆಚ್ಚು ಜನ ಸತ್ತರು. ಮಾಲೀಕನ ಮನೆಯೂ ಜಖಂಗೊಂಡು ಅವನ ಹೆಂಡತಿ ಗಾಯಗೊಂಡಳು. 1857ರಲ್ಲಿ ಮಗ ಅಲೆಕ್ಸಿಸ್ ಸ್ಫೋಟಕ್ಕೆ ಬಲಿಯಾದ. 1884ರಲ್ಲಿ ಮೊಮ್ಮಗ ಲ್ಯಾಮಟ್, ಬೇರೊಂದು ಕಾರ್ಖಾನೆಯಲ್ಲಿ, ನೈಟ್ರೋಗ್ಲಿಸರಿನ್ ಸ್ಫೋಟಿಸಿ ಸತ್ತ. ಅಪಾಯವನ್ನು ಕೂಲಿಯವನ ಹೆಗಲಿಗೆ ಮಾತ್ರ ಹೊರಿಸದ ಮನೆತನ ಅದು ಎಂಬುದಂತೂ ನಿಜ.

ಕೋವಿಮದ್ದಿನಿಂದ ನೈಲಾನಿಗೆ, ಅಲ್ಲಿಂದ ಕೀಟನಾಶಕಗಳಿಗೆ ಬೆಳೆದ ಈ ಕಂಪನಿ ಇಪ್ಪತ್ತನೆಯ ಶತಮಾನದಲ್ಲಿ ಕೈಗಾರಿಕಾ ಸುರಕ್ಷತೆಗೆ ಮತ್ತೊಂದು ಹೆಸರೆಂಬಂತಾಯಿತು. ಕಚೇರಿಯ ಮೆಟ್ಟಿಲು ಹತ್ತುವಾಗಲೂ ಕಟಕಟೆ ಹಿಡಿದೇ ಹತ್ತಬೇಕೆಂಬ ಅದರ ಶಿಸ್ತು ಲೋಕಪ್ರಸಿದ್ಧ. ಸುರಕ್ಷತೆಯ ಪಾಠವನ್ನು ಬೇರೆ ಕಂಪನಿಗಳಿಗೆ ಹೇಳಿಕೊಡುವುದೇ ಅದರ ಒಂದು ವ್ಯಾಪಾರವೂ ಆಯಿತು.

ಅಂಥ ಕಂಪನಿಯ ಟೆಕ್ಸಾಸ್ ರಾಜ್ಯದ ಲಾ ಪೋರ್ಟ್ ಘಟಕದಲ್ಲಿ 2014ರ ನವೆಂಬರ್ 15ರ ಬೆಳಗಿನ ಜಾವ ನಾಲ್ವರು ಕೆಲಸಗಾರರು ವಿಷಾನಿಲಕ್ಕೆ ಸಿಕ್ಕಿ ಸತ್ತರು. ಅವರಲ್ಲಿಬ್ಬರು ಅಣ್ಣತಮ್ಮಂದಿರು. ಅನಿಲದ ಹೆಸರು ಮೀಥೈಲ್ ಮರ್ಕ್ಯಾಪ್ಟನ್. ಕೊಳೆತ ಎಲೆಕೋಸಿನ ನಾತ. ಚಳಿಗೆ ಕೊಳವೆಯಲ್ಲಿ ಗಡ್ಡೆ ಕಟ್ಟಿದ್ದನ್ನು ಕರಗಿಸಲು ಬಿಸಿನೀರು ಹರಿಸಿದ್ದರು. ಗಡ್ಡೆ ಕರಗಿತು, ದ್ರವ ಹರಿಯಿತು. ಆದರೆ ಹೋಗಬಾರದ ಕಡೆಗೆ, ನಿರುಪಯುಕ್ತ ಅನಿಲಗಳನ್ನು ಸಾಗಿಸುವ ಕೊಳವೆಯೊಳಕ್ಕೆ. ಆ ಕೊಳವೆಯಲ್ಲಿ ದ್ರವ ನಿಲ್ಲುವುದು ಹಳೆಯ ಕಾಯಿಲೆ. ಅದನ್ನು ಶಾಶ್ವತವಾಗಿ ಸರಿಪಡಿಸುವ ಬದಲು, ಕೆಲಸಗಾರರೇ ಆಗಾಗ ವಾಲ್ವ್ ತಿರುಗಿಸಿ ದ್ರವ ಹೊರಬಿಡುವುದು ರೂಢಿಯಾಗಿಬಿಟ್ಟಿತ್ತು. ಆ ದಿನವೂ ಹಾಗೆಯೇ ತಿರುಗಿಸಿದರು. ವಾಲ್ವ್ ಇದ್ದದ್ದು ಮುಚ್ಚಿದ ಕಟ್ಟಡದೊಳಗೆ, ಮಾಡಿನ ಗಾಳಿಯಂತ್ರಗಳು ಕೆಲಸ ಮಾಡುತ್ತಿರಲಿಲ್ಲ. ಸುಮಾರು ಹತ್ತು ಟನ್ನಿಗೂ ಹೆಚ್ಚು ವಿಷವಸ್ತು ಸೋರಿತು. ಸಹಾಯಕ್ಕೆಂದು ಓಡಿ ಬಂದವರೂ ಬದುಕಲಿಲ್ಲ.

ಇಲ್ಲಿ ಯಾರೂ ಸೋಮಾರಿಗಳಲ್ಲ, ಕುಡಿದವರೂ ಅಲ್ಲ. ಮೆಟ್ಟಿಲಲ್ಲಿ ಕಾಲು ಜಾರುವುದು ಕಣ್ಣಿಗೆ ಕಾಣುವ ಅಪಾಯ. ತಿಂಗಳಿಗೆ ಎಷ್ಟು ಮಂದಿ ಜಾರಿದರೆಂದು ಎಣಿಸಿ ಬೋರ್ಡಿನ ಮೇಲೆ ಬರೆಯಬಹುದು. ಕೊಳವೆಯಲ್ಲಿ ನಿಂತ ದ್ರವ ಯಾರನ್ನೂ ಗಾಯಗೊಳಿಸದೆ ವರ್ಷಗಟ್ಟಲೆ ನಿಂತಿರುತ್ತದೆ, ಆದ್ದರಿಂದ ಎಣಿಕೆಗೆ ಸಿಗುವುದಿಲ್ಲ. ‘ಇಷ್ಟು ದಿನಗಳಿಂದ ಅಪಘಾತವಿಲ್ಲ’ ಎಂಬ ಫಲಕ ಮೊದಲನೆಯದನ್ನು ಮಾತ್ರ ಹೇಳುತ್ತದೆ. ಎಷ್ಟೋ ಕಡೆ ಆ ಸಂಖ್ಯೆ ಕೆಡಬಾರದೆಂದೇ ಸಣ್ಣ ಗಾಯಗಳನ್ನು ಮುಚ್ಚಿಡುವುದುಂಟು. ಆಗ ಫಲಕವೇ ಅಪಾಯಕಾರಿ. ಏನೂ ಆಗದೆ ‘ತಪ್ಪಿಹೋದ’ ಘಟನೆಗಳನ್ನು, ಅಂದರೆ ತಲೆಯ ಪಕ್ಕದಲ್ಲೇ ಬಿದ್ದ ಸ್ಪ್ಯಾನರ್, ಮೂಗಿಗೆ ಬಡಿದು ಮಾಯವಾದ ನಾತ, ಇಂಥವನ್ನು ಹೆದರಿಕೆಯಿಲ್ಲದೆ ವರದಿ ಮಾಡುವ ವಾತಾವರಣವಿದ್ದರೆ ಮಾತ್ರ ಎರಡನೆಯ ಬಗೆಯ ಅಪಾಯ ಬೆಳಕಿಗೆ ಬಂದೀತು.

ನಮ್ಮ ಭೋಪಾಲದ ಕಥೆಯೂ ಇದೇ ದಾರಿಯದು. 1984ರ ಡಿಸೆಂಬರ್ 2ರ ರಾತ್ರಿಗಿಂತ ಬಹಳ ಮೊದಲೇ, 1981ರಲ್ಲಿ, ಯೂನಿಯನ್ ಕಾರ್ಬೈಡ್ ಕಾರ್ಖಾನೆಯಲ್ಲಿ ಫಾಸ್ಜೀನ್ ತಗುಲಿ ಒಬ್ಬ ಕೆಲಸಗಾರ ಸತ್ತಿದ್ದ. 1982ರಲ್ಲಿ ಅಮೆರಿಕದಿಂದ ಬಂದ ತಂಡ ಕುಂದುಕೊರತೆಗಳ ಪಟ್ಟಿ ಕೊಟ್ಟಿತ್ತು. ರಾಜಕುಮಾರ್ ಕೇಸ್ವಾನಿ ಎಂಬ ಸ್ಥಳೀಯ ಪತ್ರಕರ್ತ ಎಚ್ಚರಿಸಿ ಬರೆದಿದ್ದರು. ಮೀಥೈಲ್ ಐಸೊಸಯನೇಟ್ ಕುದಿಯುವುದು ಕೇವಲ 39 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಅದನ್ನು ತಣ್ಣಗಿಡಬೇಕಾದ ಶೀತಲ ಯಂತ್ರ ದುರಂತಕ್ಕೆ ತಿಂಗಳುಗಳ ಮೊದಲೇ ನಿಂತಿತ್ತು. ಸೋರಿದ ಅನಿಲವನ್ನು ಸುಡಬೇಕಾದ ಗೋಪುರದ ಕೊಳವೆ ದುರಸ್ತಿಗೆಂದು ಕಳಚಿತ್ತು. ಇವು ಯಾವುವೂ ಗುಟ್ಟಾಗಿರಲಿಲ್ಲ.

ಆ ಬಳಿಕ 1987ರಲ್ಲಿ ಕಾರ್ಖಾನೆಗಳ ಕಾಯಿದೆಗೆ ತಿದ್ದುಪಡಿಯಾಯಿತು. ಅಪಾಯಕಾರಿ ಉದ್ದಿಮೆಗಳಲ್ಲಿ ಕಾರ್ಮಿಕರೂ ಸದಸ್ಯರಾಗಿರುವ ಸುರಕ್ಷತಾ ಸಮಿತಿ ಬಂತು. ಕಣ್ಣೆದುರಿನ ಅಪಾಯವನ್ನು ಆಡಳಿತಕ್ಕೂ ಸರ್ಕಾರಿ ಇನ್‌ಸ್ಪೆಕ್ಟರಿಗೂ ತಿಳಿಸುವ ಹಕ್ಕು ಕಾರ್ಮಿಕನಿಗೆ ದಕ್ಕಿತು. 2020ರ ಹೊಸ ಸಂಹಿತೆಯಲ್ಲೂ ಈ ಹಕ್ಕು ಇದೆ. ಕಾಗದದ ಮೇಲೆ ಒಳ್ಳೆಯದೇ. ಆದರೆ ನಿನ್ನೆ ಮೊನ್ನೆ ಐಟಿಐ ಮುಗಿಸಿ ತರಬೇತಿಗೆ ಸೇರಿದ ಹತ್ತೊಂಬತ್ತರ ಹುಡುಗ, ಪ್ರೆಸ್ ಯಂತ್ರದ ರಕ್ಷಾಕವಚ ಕಳಚಿದೆ ಎಂದು ಮೇಸ್ತ್ರಿಗೆ ಹೇಳಿಯಾನೇ? ಹೇಳಿದರೆ ಯಂತ್ರ ನಿಲ್ಲುತ್ತದೆಯೇ, ಇಲ್ಲ, ‘ಹೆದರುಪುಕ್ಕಲ’ ಎಂಬ ಹೆಸರು ಬರುತ್ತದೆಯೇ?

ಮಗನಿಗೋ ಮಗಳಿಗೋ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತೆಂದರೆ ಸಂಬಳ ಎಷ್ಟು, ಕ್ಯಾಂಟೀನ್ ಇದೆಯೇ, ರಾತ್ರಿ ಪಾಳಿಗೆ ಬಸ್ ಬರುತ್ತದೆಯೇ ಎಂದು ತಂದೆತಾಯಿ ವಿಚಾರಿಸುವುದು ಸಹಜ. ಮೊದಲ ವಾರ ಕಳೆದು ಮನೆಗೆ ಬಂದಾಗ ಇನ್ನೆರಡು ಪ್ರಶ್ನೆ ಕೇಳಬಹುದು: ಬೆಂಕಿ ಬಿದ್ದರೆ ಯಾವ ಬಾಗಿಲಿನಿಂದ ಹೊರಗೆ ಬರಬೇಕೆಂದು ಯಾರಾದರೂ ಕೈಹಿಡಿದು ತೋರಿಸಿದರೇ? ಯಂತ್ರವನ್ನು ನಿಲ್ಲಿಸುವ ಕೆಂಪು ಗುಂಡಿಯನ್ನು ಒತ್ತಲು ಯಾರ ಅಪ್ಪಣೆ ಬೇಕು?