ನೆಲದಡಿ ರೈಲು, ನೆಲದಡಿ ರಸ್ತೆ: ತಪ್ಪು ಕಲ್ಪನೆ ಮತ್ತು ಸತ್ಯ

ಹೆಬ್ಬಾಳ–ಸಿಲ್ಕ್ ಬೋರ್ಡ್ ಸುರಂಗ ರಸ್ತೆಯ ಮಾತು ಬಂದಾಗಲೆಲ್ಲ ಬೆಂಗಳೂರಿನಲ್ಲಿ ಒಂದು ಪ್ರಶ್ನೆ ಏಳುತ್ತದೆ: ಮೆಟ್ರೊಗೆ ಸುರಂಗ ಕೊರೆದವರಿಗೆ ರಸ್ತೆಗೆ ಕೊರೆಯಲು ಏನು ಕಷ್ಟ? ಜರ್ಮನಿಯ ಕಾರ್ಲ್ಸ್‌ರೂಹೆ ನಗರ ಎರಡನ್ನೂ ಸಮಾಂತರ ಬೀದಿಗಳ ಅಡಿ ಕಟ್ಟಿ ಮುಗಿಸಿದೆ. ಕೈಸರ್ ಬೀದಿಯಡಿ ಟ್ರಾಮ್ ರೈಲು, ಅದರ ದಕ್ಷಿಣಕ್ಕಿರುವ ಕ್ರೀಗ್ಸ್ ಬೀದಿಯಡಿ ರಸ್ತೆ. ಅಲ್ಲಿನ ಅನುಭವ ಹಲವು ನಂಬಿಕೆಗಳನ್ನು ತಿದ್ದುತ್ತದೆ.

ತಪ್ಪು ಕಲ್ಪನೆ: ಎರಡನ್ನೂ ಒಂದೇ ರೀತಿ ಕೊರೆಯಬಹುದು.

ಸತ್ಯ: ಕೈಸರ್ ಬೀದಿಯಡಿ ‘ಜೂಲಿಯಾ’ ಹೆಸರಿನ ಯಂತ್ರ ಸುಮಾರು 2 ಕಿ.ಮೀ. ಕೊರೆಯಿತು. ಅಲ್ಲಿನದು ಜಲ್ಲಿ, ಮರಳಿನ ನೆಲ; ಅಂತರ್ಜಲವೂ ಮೇಲೇ ಇದೆ. ಹಾಗಾಗಿ ಎದುರಿನ ಮಣ್ಣು ಕುಸಿಯದಂತೆ ಜೇಡಿಮಣ್ಣಿನ ದ್ರಾವಣವನ್ನು ಒತ್ತಡದಲ್ಲಿ ತುಂಬಿ, ಹಿಂದೆಯೇ ಕಾಂಕ್ರೀಟ್ ಉಂಗುರಗಳನ್ನು ಜೋಡಿಸುತ್ತ ಸಾಗಬೇಕಾಯಿತು. ರಸ್ತೆ ಸುರಂಗದ ಕಥೆಯೇ ಬೇರೆ. ಬೀದಿಯನ್ನೇ ಅಗೆದು, ಗೋಡೆ–ಚಾವಣಿ ಕಟ್ಟಿ, ಮೇಲೆ ಮುಚ್ಚಿದರು.

ತಪ್ಪು ಕಲ್ಪನೆ: ಯಂತ್ರ ನೆಲದೊಳಗಿದ್ದರೆ ಮೇಲಿನವರಿಗೆ ತೊಂದರೆಯಿಲ್ಲ, ಕೆಲಸವೂ ಬೇಗ ಮುಗಿಯುತ್ತದೆ.

ಸತ್ಯ: ಜೂಲಿಯಾ 2014ರ ನವೆಂಬರ್‌ನಲ್ಲಿ ಹೊರಟು 2015ರ ಸೆಪ್ಟೆಂಬರ್‌ಗೆ ಗುರಿ ಮುಟ್ಟಿತು. ಆದರೆ ಕಾಮಗಾರಿ ಶುರುವಾದದ್ದು 2010ರಲ್ಲಿ, ರೈಲು ಓಡಿದ್ದು 2021ರ ಡಿಸೆಂಬರ್‌ನಲ್ಲಿ, ರಸ್ತೆ ತೆರೆದದ್ದು 2022ರಲ್ಲಿ. ನಿಲ್ದಾಣಗಳಿಗೆ ದೊಡ್ಡ ಗುಂಡಿಗಳನ್ನು ತೋಡಲೇಬೇಕು. ಅಂಗಡಿಯವರು ವರ್ಷಗಟ್ಟಲೆ ಸಂಕಟಪಡುವುದು ಈ ಗುಂಡಿಗಳಿಂದ. ಸುಮಾರು 50 ಕೋಟಿ ಯೂರೊ ಎಂದಿದ್ದ ಅಂದಾಜು ಕೊನೆಗೆ 150 ಕೋಟಿಯ ಆಸುಪಾಸಿಗೆ ಏರಿತು.

ತಪ್ಪು ಕಲ್ಪನೆ: ಒಳಗೆ ರೈಲು ಓಡಿದರೇನು, ಕಾರು ಓಡಿದರೇನು, ಸುರಕ್ಷತೆಯ ಏರ್ಪಾಡು ಒಂದೇ.

ಸತ್ಯ: ವಿದ್ಯುತ್ ರೈಲು ಹೊಗೆ ಉಗುಳುವುದಿಲ್ಲ, ತನ್ನ ಹಳಿ ಬಿಟ್ಟು ಅತ್ತಿತ್ತ ಸರಿಯುವುದೂ ಇಲ್ಲ. ರಸ್ತೆ ಸುರಂಗಕ್ಕೆ ಎಂಥ ವಾಹನ, ಎಂಥ ಸರಕು, ಎಂಥ ಚಾಲಕ ಬೇಕಾದರೂ ಬರಬಹುದು. 1999ರಲ್ಲಿ ಯುರೋಪಿನ ಮಾಂಟ್ ಬ್ಲಾಂಕ್ ರಸ್ತೆ ಸುರಂಗದಲ್ಲಿ ಒಂದು ಲಾರಿಗೆ ಹತ್ತಿದ ಬೆಂಕಿ 39 ಜನರನ್ನು ಬಲಿ ತೆಗೆದುಕೊಂಡಿತು. ಇಂಥ ದುರಂತಗಳ ಬಳಿಕ 2004ರಲ್ಲಿ ಯುರೋಪ್ ಒಕ್ಕೂಟ ರಸ್ತೆ ಸುರಂಗಗಳಿಗೆ ಕನಿಷ್ಠ ಸುರಕ್ಷತಾ ನಿಯಮಗಳನ್ನು ತಂದಿತು. ಅವುಗಳ ಪ್ರಕಾರ ಹೊಗೆ ಹೊರಹಾಕುವ ಫ್ಯಾನ್, ತುರ್ತು ದಾರಿ, ಸದಾ ಕಾವಲಿರುವ ನಿಯಂತ್ರಣ ಕೊಠಡಿ ಇಲ್ಲದೆ ಉದ್ದದ ರಸ್ತೆ ಸುರಂಗವನ್ನು ನಡೆಸುವಂತಿಲ್ಲ.

ತಪ್ಪು ಕಲ್ಪನೆ: ಕೆಳಗೊಂದು ರಸ್ತೆ ಸೇರಿದರೆ ಮೇಲಿನ ದಟ್ಟಣೆ ತಾನಾಗಿ ಕರಗುತ್ತದೆ.

ಸತ್ಯ: ರಸ್ತೆ ಹೆಚ್ಚಿದಂತೆ ವಾಹನವೂ ಹೆಚ್ಚುವುದನ್ನು ಜಗತ್ತಿನ ಹಲವು ನಗರಗಳು ಕಂಡಿವೆ. ಸುರಂಗದ ಬಾಯಿಯಲ್ಲಿ ಹೊರಬಿದ್ದ ಕಾರು ಮತ್ತೆ ಅದೇ ಸಿಗ್ನಲ್‌ಗೆ ಬಂದು ನಿಲ್ಲಬೇಕು. ಕಾರ್ಲ್ಸ್‌ರೂಹೆ ಕ್ರೀಗ್ಸ್ ಬೀದಿಯ ಮೇಲಿನ ಅಗಲ ರಸ್ತೆಯನ್ನು ಹಾಗೇ ಉಳಿಸಿಕೊಳ್ಳಲಿಲ್ಲ. ಕಾರುಗಳನ್ನು ಕೆಳಗಿಳಿಸಿ, ಆ ಜಾಗದಲ್ಲಿ ಟ್ರಾಮ್ ಹಳಿ ಹಾಸಿ, ಸಾಲುಮರ ನೆಟ್ಟು, ಸೈಕಲ್ ಹಾದಿ ಮಾಡಿತು. ಕೈಸರ್ ಬೀದಿಯ ಟ್ರಾಮ್‌ಗಳು ಕೆಳಗಿಳಿದವು, ಅಂಗಡಿಬೀದಿ ನಡೆಯುವವರ ಪಾಲಾಯಿತು.

ಆದ್ದರಿಂದ ಯಾವ ನಗರದಲ್ಲೇ ಸುರಂಗದ ಯೋಜನೆ ಮುಂದಿಟ್ಟರೂ, ಕೆಳಗೆ ಎಷ್ಟು ಪಥ ಎಂಬುದಕ್ಕಿಂತ ಮೊದಲು ಜನ ಕೇಳಬೇಕಾದದ್ದು: ಮೇಲೆ ತೆರವಾಗುವ ಜಾಗ ಯಾರಿಗೆ? ಯೋಜನೆಯಲ್ಲಿ ಅದಕ್ಕೆ ಉತ್ತರವಿಲ್ಲದಿದ್ದರೆ, ಅಷ್ಟು ಹಣ ಸುರಿದು ಪಡೆಯುವುದು ಇನ್ನೊಂದು ರಸ್ತೆಯನ್ನಷ್ಟೇ.