ನಿಮಗಿದು ಗೊತ್ತೆ? ಒಂದೇ ಮುಖ, ಎರಡು ವಯಸ್ಸು

ಮುಖಕ್ಕೆ ಮುಪ್ಪನ್ನು ತರುವುದು ಕಾಲವೊಂದೇ ಎಂದು ನಂಬಿದವರಿಗೆ, 2012ರಲ್ಲಿ ಅಮೆರಿಕದ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ ಎಂಬ ವೈದ್ಯಪತ್ರಿಕೆಯಲ್ಲಿ ಅಚ್ಚಾದ ಒಂದು ಭಾವಚಿತ್ರವು ವಿಸ್ಮಯವನ್ನುಂಟುಮಾಡದಿರದು: 28 ವರ್ಷಕಾಲ ಸರಕಿನ ಲಾರಿಯನ್ನು ನಡೆಸಿದ 69 ವಯಸ್ಸಿನ ಚಾಲಕನೊಬ್ಬನ ಎಡಗೆನ್ನೆ, ಕಿಟಕಿಯ ಪಕ್ಕದಲ್ಲಿದ್ದುದರಿಂದ, ಉತ್ತ ಹೊಲದಂತೆ ಗೆರೆಗೆರೆಯಾಗಿದ್ದರೆ, ಬಲಗೆನ್ನೆಯು ಅದಕ್ಕಿಂತ ಎಷ್ಟೋ ನುಣುಪಾಗಿ ಉಳಿದಿದ್ದಿತು. ಚರ್ಮವನ್ನು ಸುಟ್ಟು ಕೆಂಪೇರಿಸುವ ‘ಬಿ’ ವರ್ಗದ ಅತಿನೇರಳೆ ಕಿರಣಗಳನ್ನು ಗಾಜು ಬಹುಮಟ್ಟಿಗೆ ತಡೆಯುವುದಾದರೂ, ದೀರ್ಘತರಂಗದ ‘ಎ’ ವರ್ಗದವು ಅದನ್ನು ದಾಟಿ, ಒಳಚರ್ಮವನ್ನು ಹೊಕ್ಕು, ತ್ವಚೆಗೆ ಬಿಗುಪನ್ನೀಯುವ ಕೊಲಾಜನ್ ಮೊದಲಾದ ತಂತುಗಳನ್ನು ಕ್ರಮೇಣ ಶಿಥಿಲಗೊಳಿಸುತ್ತವೆ. ಉರಿಯಿಲ್ಲದ ಕಾರಣ ಎಚ್ಚರವೂ ಹುಟ್ಟದು. ನಮ್ಮಲ್ಲಿ ಚಾಲಕನ ಆಸನ ಬಲಕ್ಕಿರುವುದರಿಂದ ಬಲಗೆನ್ನೆ, ಬಲಗೈಗಳಿಗೇ ಈ ಆಪತ್ತು ಹೆಚ್ಚು. ಶ್ಯಾಮಲವರ್ಣದವರಿಗೆ ಮೆಲನಿನ್ ಒಂದಷ್ಟು ರಕ್ಷಣೆಯನ್ನು ನೀಡುವುದು ದಿಟ, ಪೂರ್ಣವಲ್ಲ. ದುಬಾರಿ ಲೇಪನಗಳ ಡಬ್ಬಿಗಳನ್ನು ಸಾಲಾಗಿ ಜೋಡಿಸುವುದಕ್ಕಿಂತ, ತುಂಬುತೋಳಿನ ಅಂಗಿ, ಕೊಡೆ, ಎರಡೂ ವರ್ಗದ ಕಿರಣಗಳನ್ನು ತಡೆಯುವ ಸನ್‌ಸ್ಕ್ರೀನ್ ಇವೇ ಮೇಲೆಂದು ತೋರುತ್ತದೆ. ಬಿಸಿಲಿನಲ್ಲಿರುವಾಗ ಈ ಕೊನೆಯದನ್ನು ಎರಡು ಗಂಟೆಗೊಮ್ಮೆ ಮರಳಿ ಹಚ್ಚಬೇಕೆಂಬುದನ್ನು ಮರೆಯುವವರೇ ಬಹುಮಂದಿ.